ಏಳನೆಯ ಸುತ್ತು

"ಆಯಿ, ಆರಾಯ್ತು. ಇನ್ನೊಂದಿದೆ," ಎಂದಳು ಹೇಮಾಂಗಿ.

ಅತ್ತೆ ಕುಮುದಿನಿ ಕಿವಿಗೇ ಹಾಕಿಕೊಳ್ಳಲಿಲ್ಲ. ಬಿಳಿ ದಾರವನ್ನು ಹಲ್ಲಿನಿಂದ ಕಡಿದು, ಆಲದ ಕಾಂಡದ ಮೇಲೆ ಗಂಟು ಹಾಕಿ, ಏದುಸಿರು ಬಿಡುತ್ತ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು.

ಅಂದು ವಟಪೂರ್ಣಿಮೆ. ಏಳು ಜನ್ಮಕ್ಕೂ ಇವನೇ ಗಂಡನಾಗಲಿ ಎಂದು ಪುಣೆಯ ಹೆಂಗಸರು ಆಲದ ಮರಕ್ಕೆ ಏಳು ಸುತ್ತು ದಾರ ಸುತ್ತುವ ದಿನ. ಇನ್ನೊಂದು ತಾಸು ಕಳೆದರೆ ಈ ಉದ್ಯಾನದ ಮುದಿ ಆಲದ ಬುಡದಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪ್ರಸನ್ನನಿಗೆ ಗದ್ದಲ ಆಗದು. ಬೆಳಗಾಗುತ್ತಲೇ ತಾಯಿಯನ್ನೂ ಹೆಂಡತಿಯನ್ನೂ ಕರೆತಂದು, ಗೇಟಿನ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾನೆ. ಹೇಮಾಂಗಿಯ ಫೋನು ಅವನ ಜೇಬಿನಲ್ಲಿ. ಮನೆಯ ಬೀಗದಕೈಯೂ ಅಲ್ಲೇ. ಅವಳ ಶಾಲೆಯ ಕೆಲಸ ಬಿಡಿಸಿ ವರ್ಷವಾಯಿತು. ತವರಿನ ಮುಖ ಕಂಡು ಎರಡು ವರ್ಷ. ಇವನೇ ಬೇಕಂತೆ, ಏಳು ಜನ್ಮಕ್ಕೂ!

"ಕಾಲು ನೋವಾ ಆಯಿ? ನಾನು ಕೈ ಹಿಡ್ಕೋತೀನಿ, ಬನ್ನಿ."

"ಕಾಲಿಗೇನು ಧಾಡಿ? ಮೂವತ್ತೊಂಬತ್ತು ವರ್ಷದಿಂದ ನಾನು ಆರೇ ಸುತ್ತೋದು." ಅತ್ತೆ ಗೇಟಿನ ಕಡೆ ನೋಡಿ ದನಿ ತಗ್ಗಿಸಿದರು. "ಆರು ಜನ್ಮ ನಿನ್ನ ಮಾವನಿಗೆ. ಏಳನೇದಾದ್ರೂ ನಂದು ಅಂತ ಇರಲಿ. ಮನೇಲಿ ಬಾಯಿ ಬಿಟ್ಟೀಯ, ಹುಷಾರ್!"

ಹೇಮಾಂಗಿ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು. ಒಂದು ಸುತ್ತು ಕಮ್ಮಿ ಹಾಕಬೇಕೆಂದು ತಾನೂ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದಳಲ್ಲ! ಇಡೀ ಮನೆಯಲ್ಲಿ ತನ್ನವರು ಒಬ್ಬರಾದರೂ ಇದ್ದಾರೆ ಎನ್ನಿಸಿ ಅವಳಿಗೆ ಜೀವ ಬಂದಂತಾಯಿತು. ಐದು ಮಾವಿನಹಣ್ಣು, ಹಸಿರು ಬಳೆ ಮರದ ಬುಡದಲ್ಲಿಟ್ಟು, ಬೇರು ದಾಟಿ ದಾಟಿ ಸರಸರನೆ ಸುತ್ತಿದಳು. ಆರು ಮುಗಿದವು. ದಾರವನ್ನು ಬಾಯಿಯ ಹತ್ತಿರ ತಂದಳು.

"ಇನ್ನೊಂದಿದೆ," ಎಂದರು ಕುಮುದಿನಿ.

"ಆಯಿ, ಈಗಷ್ಟೇ ನೀವೇ..."

"ಅದು ನನ್ನ ಗಂಡನ ವಿಷಯ. ಇವನು ನನ್ನ ಮಗ ಕಣೇ." ಅವರು ಎದ್ದು ಮರದ ಹತ್ತಿರ ಬಂದರು. ಸೊಸೆಯ ಮುಖ ಮಾತ್ರ ನೋಡಲಿಲ್ಲ. "ನಿನ್ನ ಬಿಟ್ರೆ ಅವನನ್ನ ಯಾರು ತಡ್ಕೋತಾರೆ? ನಡಿ, ನಮ್ಮವ್ವ."

ಹೊರಗೆ ಹಾರ್ನು ಕೂಗಿತು.

ಹೇಮಾಂಗಿ ದಾರದುಂಡೆ ಬಿಚ್ಚುತ್ತ ನಡೆದಳು. ಕಾಂಡದ ಹಿಂಬದಿಗೆ ಬಂದು, ಅತ್ತೆಯ ಕಣ್ಣಿಗೆ ಬೀಳದ ಕಡೆ ನಿಂತಳು. ಎದುರಿಗೆ ಆಳೆತ್ತರದ ಕಬ್ಬಿಣದ ಬೇಲಿ. ಅದರಾಚೆ ಖಾಲಿ ಬಸ್ಸೊಂದು ನಿಧಾನಿಸಿ, ಯಾರೂ ಹತ್ತದೆ ಮುಂದೆ ಹೋಯಿತು. ಹಿಂದಿನ ವರ್ಷಗಳ ದಾರಗಳು ಮಳೆಗೆ ಕಪ್ಪಾಗಿ ತೊಗಟೆಯಲ್ಲೇ ಹೂತುಹೋಗಿದ್ದವು.

ಅವಳು ದಾರವನ್ನು ಹಲ್ಲಿನ ನಡುವೆ ಇಟ್ಟಳು. ಕಾಂಡದ ಆಚೆ, ಅತ್ತೆ ನಿಂತ ಕಡೆಯಿಂದ ಅದನ್ನು ಮೆಲ್ಲಗೆ ಎರಡು ಸಲ ಜಗ್ಗಿದಂತಾಯಿತು.