ಒಂದೇ ಸ್ವಿಚ್ಚಿನವನ ಸೇಡು

ನಾನು ಒಂದು ರುಬ್ಬುವ ಗ್ರೈಂಡರು. ಹೊಟ್ಟೆ ಕಲ್ಲಿನದು, ಮೈ ತಗಡಿನದು. ನನ್ನನ್ನು ಮಾಡಿದ ಕೊಯಮತ್ತೂರಿನ ಮೇಸ್ತ್ರಿ ಹಣೆಗೆ ಒಂದೇ ಒಂದು ಕಪ್ಪು ಸ್ವಿಚ್ಚು ಕೂರಿಸಿದ. ಕೆಳಗೆ ಒತ್ತಿದರೆ ತಿರುಗು, ಮೇಲೆ ಎತ್ತಿದರೆ ನಿಲ್ಲು. ಗ್ರೈಂಡರಿಗೆ ಇದಕ್ಕಿಂತ ಹೆಚ್ಚಿನ ಆಜ್ಞೆ ಯಾಕೆ ಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಲಾರಿ ಏರಿ ದಾವಣಗೆರೆಗೆ ಬಂದೆ. ಚನ್ನವೀರಪ್ಪನವರ ಬೆಣ್ಣೆದೋಸೆ ಹೋಟೆಲಿನ ಹಿಂದಿನ ಕೋಣೆ ನನ್ನದಾಯಿತು. ಅದೇ ವಾರ ಹಿಟ್ಟು ರುಬ್ಬಲು ಹಾಲಮ್ಮ ಸೇರಿದಳು. ಇಪ್ಪತ್ತೆರಡು ವರ್ಷ ಜೊತೆಗೆ ದುಡಿದೆವು. ಅವಳು ಅಕ್ಕಿ, ಉದ್ದು, ಮಂಡಕ್ಕಿ ಸುರಿಯುವಳು. ಬೆರಳಲ್ಲಿ ಹಿಟ್ಟು ಉಜ್ಜಿ ನೋಡಿ "ಸಾಕು, ನಿಲ್ಲಪ್ಪಾ" ಎಂದು ಸ್ವಿಚ್ಚು ಎತ್ತುವಳು. ಅವಳ ಹೆಬ್ಬೆರಳು ತಾಗಿ ತಾಗಿ ಸ್ವಿಚ್ಚು ಸವೆದು ಹೋಗಿತ್ತು.

ಆಮೇಲೆ ಯಜಮಾನರ ಅಳಿಯ ಶಶಿಧರ ಹೋಟೆಲು ಸುಧಾರಿಸಲು ಬಂದ. ಜೊತೆಗೆ ಗಾಜಿನ ಮುಖದ ಹೊಸ ಗ್ರೈಂಡರು. ಆ ಮುಖದ ಮೇಲೆ ಇಪ್ಪತ್ತೆಂಟು ಗುರುತು. ಒತ್ತುವಂತಿಲ್ಲ, ಮುಟ್ಟಿದರೆ ಸಾಕಂತೆ. ತಪ್ಪು ಮುಟ್ಟಿದರೆ ಕೀ ಕೀ ಎಂದು ಊರಿಗೆಲ್ಲ ದೂರು ಹೇಳುತ್ತದೆ. ನನ್ನನ್ನು ಹಿತ್ತಲಿನ ನೀರಿನ ಟ್ಯಾಂಕಿನ ಕೆಳಗೆ ಮೂಲೆಗುಂಪು ಮಾಡಿದರು. ಶಶಿಧರ ಒಂದು ದಿನ ಬಲ್ಬು ಹಾಕಲು ಚಪ್ಪಲಿ ಕಾಲಲ್ಲೇ ನನ್ನ ಮೇಲೆ ಹತ್ತಿ ನಿಂತ. ಅದನ್ನು ನಾನು ಮರೆಯಲಿಲ್ಲ.

ಹಾಲಮ್ಮನ ಕೈ ಸದಾ ಒದ್ದೆ. ಅವಳ ಬೆರಳಿಂದ ಒಂದು ಹನಿ ಬಿದ್ದರೂ ಗಾಜು ಅದನ್ನೇ ಬೆರಳೆಂದು ತಿಳಿದು ಕಿರುಚಿ ಬೀಗ ಹಾಕಿಕೊಳ್ಳುತ್ತಿತ್ತು. ಒಮ್ಮೆ ಎಲ್ಲ ಕೆಲಸಗಾರರ ಎದುರಿಗೇ ಶಶಿಧರ ಸಿಡಿದ.

"ಎಷ್ಟ್ ಸಲ ಹೇಳ್ಬೇಕು ನಿಂಗೆ? ತಲೇಲಿ ಏನೈತಿ, ಹಿಟ್ಟಾ? ದಸರಾ ಮುಗಿದ್ ಮ್ಯಾಲೆ ಬರಬ್ಯಾಡ."

ಅವಳು ಕೈಯ ಹಿಟ್ಟು ತೊಳೆದುಕೊಂಡಳು. ಹಿತ್ತಲಿಗೆ ಬಂದು ನನ್ನ ಮೇಲೆ ಕೂತು ಅತ್ತಳು. ನನ್ನ ಕಲ್ಲಿನ ಹೊಟ್ಟೆಯೂ ಉರಿಯಿತು.

ಆಯುಧಪೂಜೆ ಬಂತು. ಮರುದಿನ ಬನ್ನಿ ಮುಡಿಯಲು ಬರುವ ಜನಕ್ಕೆಲ್ಲ ದೋಸೆ ಬೇಕು. ಬಕೆಟ್ಟುಗಳಲ್ಲಿ ಅಕ್ಕಿ ನೆನೆಯುತ್ತಿತ್ತು. "ಹಾಲಮ್ಮ, ವಿಭೂತಿ ಕಲಸು. ಹೊಸ ಮಿಷನ್ನಿಗೆ ದೊಡ್ಡ ಪಟ್ಟೆ ಹಚ್ಬೇಕು" ಎಂದ ಶಶಿಧರ. ಅವಳು ಹಿತ್ತಲಿನ ನಲ್ಲಿಯ ಹತ್ತಿರ ಕೂತು ಕಲಸಿದಳು. ನೀರು ಹಾಕಿದಳು. ಬಾಗಿಲಾಚೆ ಕಾಣುವ ಗಾಜಿನ ಮುಖದತ್ತ ಒಮ್ಮೆ ನೋಡಿ, ಇನ್ನಷ್ಟು ಹಾಕಿದಳು. ಕೊನೆಗೆ ಒಂದು ಬೊಟ್ಟು ನನ್ನ ಸ್ವಿಚ್ಚಿಗೂ ಇಟ್ಟಳು.

ಶಶಿಧರ ಗಾಜಿನ ತುಂಬ ಮೂರು ಪಟ್ಟೆ ಎಳೆದ. ಮಂಗಳಾರತಿ ಮುಗಿಯುವುದರೊಳಗೆ ವಿಭೂತಿ ನೀರು ಇಳಿದು ಗಾಜಿನ ಸಂದಿಗೆ ಸೇರಿತು. ಮಧ್ಯಾಹ್ನ ರುಬ್ಬಲು ಹೋದರೆ ಇಪ್ಪತ್ತೆಂಟೂ ಗುರುತು ಒಟ್ಟಿಗೆ ಮಿನುಗಿ, ಕಿರುಚಿ, ಬೀಗ ಬಿತ್ತು. ಶಶಿಧರ ಬಟ್ಟೆ ಹಿಡಿದು ಓಡಿದ.

"ಪೂಜಿ ಮಾಡಿದ್ದನ್ನ ಇವತ್ತೇ ಒರೆಸ್ತೀಯೇನೋ? ಬುದ್ಧಿ ಐತಾ?" ಚನ್ನವೀರಪ್ಪ ಗುಡುಗಿದರು. ಕಂಪನಿಗೆ ಫೋನು ಮಾಡಿದರೆ ಹಬ್ಬದ ರಜೆ. ಆಹಾ, ನನಗೆ ಹಾಲು ಕುಡಿದಷ್ಟು ಸಂತೋಷ!

ನಾಲ್ಕು ಜನ ನನ್ನನ್ನು ಎತ್ತಿಕೊಂಡು ಬಂದರು. ಹಾಲಮ್ಮ ಮಾತ್ರ ಕೈ ಕಟ್ಟಿ ನಿಂತಿದ್ದಳು.

"ನನ್ ಕೆಲಸ ಮುಗೀತು ಅಂದಾರಲ್ರೀ ಅಳಿಯಂದ್ರು. ಅವ್ರೇ ರುಬ್ಲಿ. ಇದಕ್ಕೆ ಒಂದೇ ಬಟನ್ನು."

ಶಶಿಧರ ಬಂದು ಒತ್ತಿದ. ಟ್ಯಾಂಕಿನ ಕೆಳಗೆ ತಿಂಗಳುಗಟ್ಟಲೆ ಕುಡಿದ ತೇವವೆಲ್ಲ ಮೈಯಲ್ಲಿತ್ತು. ಜೀವಮಾನದಲ್ಲಿ ಯಾರಿಗೂ ಕೊಡದ ಒಂದು ಸಣ್ಣ ಷಾಕು ಅವನಿಗೆ ಕೊಟ್ಟೆ. ಅವನು ಹಾರಿ ಮಂಡಕ್ಕಿ ಚೀಲದ ಮೇಲೆ ಬಿದ್ದ. ಅವನು ಬೈದಾಗ ಕೇಳಿದ್ದ ಜನವೆಲ್ಲ ಈಗ ನಕ್ಕಿತು.

"ತಪ್ಪಾತು ಅನ್ನಲೇ ಅವಳಿಗೆ. ಹಾಲಮ್ಮ ಎಲ್ಲಿಗೂ ಹೋಗಂಗಿಲ್ಲ" ಎಂದರು ಯಜಮಾನರು. ಶಶಿಧರ ಎಲ್ಲರೆದುರಿಗೇ ಅಂದ. ಆಮೇಲೆ ಹಾಲಮ್ಮ ನನ್ನ ಮೈ ಒರೆಸಿ, ಒಣ ಮಣೆಯ ಮೇಲೆ ನಿಂತು, ಕಟ್ಟಿಗೆ ಸೌಟಿನಿಂದ ಸ್ವಿಚ್ಚು ಒತ್ತಿದಳು. ಸಂಜೆಯವರೆಗೆ ತಿರುಗಿದೆ.

ಗಾಜಿನ ಮುಖದವನು ಮತ್ತೆ ಏಳಲಿಲ್ಲ, ಗುಜರಿಗೆ ಹೋದ. ಆರು ವರ್ಷದ ಮೇಲೆ ನನ್ನ ಮೋಟಾರೂ ಸುಟ್ಟಿತು. ನನ್ನ ಜಾಗಕ್ಕೆ ಹಾಲಮ್ಮನೇ ಅಂಗಡಿಗೆ ಹೋಗಿ ಒಂದೇ ಸ್ವಿಚ್ಚಿನವನನ್ನು ಆರಿಸಿ ತಂದಳು. ನಾನು ಮತ್ತೆ ಟ್ಯಾಂಕಿನ ಕೆಳಗಿದ್ದೇನೆ, ಆದರೆ ಈಗ ಬೇಸರವಿಲ್ಲ.

ಅಂದು ವಿಭೂತಿಗೆ ಎಷ್ಟು ನೀರು ಬಿತ್ತೆಂದು ಕಂಡದ್ದು ನಾನೊಬ್ಬನೇ. ಹಾಲಮ್ಮ ಯಾರಿಗೂ ಹೇಳಿಲ್ಲ. ನಾನೂ ಹೇಳಿರಲಿಲ್ಲ, ಬಾಯಿ ತುಂಬ ಅಕ್ಕಿ ಇತ್ತು. ಈಗ ಖಾಲಿ.