ಆಟಕ್ಕೆ ಅರ್ಥ ಹೇಳಿದ ಭಾನುವಾರ

ಹುಡುಗನ ಕಡೆಯವರು ಘೋಡಬಂದರ್ ರಸ್ತೆಯಿಂದ ಐದು ಗಂಟೆಗೆ ಬರುವುದೆಂದು ನಿಶ್ಚಯವಾಗಿತ್ತು. ಈಗ ಮೂರು. ಡೊಂಬಿವಲಿಯ ಆ ಮೂರನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಉಮಾವತಿ ಸೋಫಾಕ್ಕೆ ಹೊಸ ಕವರ್ ಹಾಕಿ, ಮಗಳ ಸೀರೆಗೆ ಇಸ್ತ್ರಿ ಮಾಡಿ, ಗೋಳಿಬಜೆಗೆ ಹಿಟ್ಟು ಕಲಸಲು ಶುರು ಮಾಡಿದ್ದಳು. ಸೀರೆ ಉಡಬೇಕಾದ ಅಶ್ಮಿತಾ ಮಾತ್ರ ಹಳೆಯ ಟೀ ಶರ್ಟಿನಲ್ಲೇ ಹಾಲ್‌ನಲ್ಲಿ ಕೂತು, ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಆಟ ಆಡುತ್ತಿದ್ದಳು.

ಆಟವೆಂದರೆ ಗುಂಡು ಹಾರಿಸುವ ಆಟವಲ್ಲ. ವಿಷುವಲ್ ನಾವೆಲ್ ಎನ್ನುತ್ತಾರೆ. ಪರದೆಯ ಮೇಲೊಂದು ಚಿತ್ರ, ಕೆಳಗೆ ಪಾತ್ರಗಳ ಮಾತು, ಓದುತ್ತಾ ಹೋಗುವುದು. ನಡುನಡುವೆ ಕಥೆ ತಾನೇ ನಿಂತು, ಈಗ ಇವಳು ಏನು ಹೇಳಬೇಕು ಎಂದು ನಿಮ್ಮನ್ನು ಕೇಳುತ್ತದೆ. ನೀವು ಆರಿಸಿದ ಕಡೆಗೆ ತಿರುಗುತ್ತದೆ. ದೊಡ್ಡ ಕಂಪನಿಗಳು ಮುಟ್ಟಲು ಹೆದರುವ ಕಥೆಗಳನ್ನು ಎಲ್ಲೋ ಇಬ್ಬರು ಮೂವರು ಸೇರಿ, ತಾವೇ ಬರೆದು, ತಾವೇ ಚಿತ್ರ ಬಿಡಿಸಿ ಮಾಡಿಬಿಡುತ್ತಾರೆ. ಹುಡುಗಿ ಹುಡುಗಿಯನ್ನು ಪ್ರೀತಿಸಿ ಕೊನೆಗೆ ಸಾಯದೆ ಉಳಿಯುವ ಕಥೆ ಅಶ್ಮಿತಾಳಿಗೆ ಸಿಕ್ಕಿದ್ದು ಅಲ್ಲೇ. ಅಮ್ಮನ ಧಾರಾವಾಹಿಗಳಲ್ಲಿ ಸಿಕ್ಕಿರಲಿಲ್ಲ, ಕನ್ನಡ ಸಂಘದ ಲೈಬ್ರರಿಯಲ್ಲೂ ಸಿಕ್ಕಿರಲಿಲ್ಲ. ನಾಲ್ಕು ವರ್ಷದಲ್ಲಿ ಹದಿನೇಳು ಆಟ ಆಡಿದ್ದಾಳೆ, ಹದಿನೇಳರಲ್ಲೂ ಎದೆಯುಬ್ಬಿಸಿ ನಿಜ ಹೇಳಿದ್ದಾಳೆ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ.

ಹೇಳಬೇಕಾದ್ದಾದರೂ ಎಷ್ಟು? ನಾನು ಸಂಯುಕ್ತಾಳನ್ನು ಪ್ರೀತಿಸುತ್ತೇನೆ, ಈ ಹುಡುಗ ಬೇಡ, ಯಾವ ಹುಡುಗನೂ ಬೇಡ. ಅಷ್ಟೇ. ಸಂಯುಕ್ತಾ ಮೈಸೂರಿನವಳು, ವಾಶಿಯಲ್ಲಿ ಕೆಲಸ, ಸೀವುಡ್ಸಿನಲ್ಲಿ ಬಾಡಿಗೆ ಮನೆ. ಕಳೆದ ಚೌತಿಗೆ ಇಲ್ಲಿಗೆ ಬಂದವಳು ಉಮಾವತಿಯ ಪಕ್ಕ ಕೂತು ಕಡುಬಿಗೆಂದು ಅರಿಶಿನ ಎಲೆಗೆ ಹಿಟ್ಟು ಹಚ್ಚಿಕೊಟ್ಟಿದ್ದಳು. "ಘಟ್ಟದ ಮೇಲಿನ ಹುಡುಗಿಯಾದ್ರೂ ಎಷ್ಟು ಚಂದ ಕೈ" ಎಂದು ಉಮಾವತಿ ವಾರವಿಡೀ ಹೊಗಳಿದ್ದಳು. ಮಗಳ ಗೆಳತಿ ಎಂದು ಹೊಗಳಿದ್ದು, ಬಿಡಿ.

ಹೊತ್ತಿಗೆ ಸರಿಯಾಗಿ ಅಶ್ಮಿತಾಳ ಅಪ್ಪ ತಾರಾನಾಥ ಹೋಟೆಲಿನಿಂದ ಬಂದ. ಸ್ಟೇಷನ್ ಪಕ್ಕದ ಹೋಟೆಲು ಅವನ ಹೊಟ್ಟೆಪಾಡು. ಅವನ ಜೀವ ಇದ್ದದ್ದು ಸಂಘದ ತಾಳಮದ್ದಳೆಯಲ್ಲಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಕ್ಕೆ ಕೂತವರು ಅದರ ಅರ್ಥವನ್ನು ಅಲ್ಲಲ್ಲೇ ಮಾತು ಕಟ್ಟಿ ಹೇಳಿ, ಎದುರಿನ ಪಾತ್ರದ ಜೊತೆ ವಾದಕ್ಕೆ ಬೀಳುತ್ತಾರೆ. ಮೂವತ್ತು ವರ್ಷದಿಂದ ತಾರಾನಾಥನದ್ದು ಹೆಣ್ಣು ಪಾತ್ರಗಳೇ. ಪುರಾಣದಲ್ಲಿ ಅನ್ಯಾಯವಾದ ಒಬ್ಬ ಹೆಣ್ಣನ್ನೂ ಅವನು ಬಿಟ್ಟಿಲ್ಲ. ಎಲ್ಲರ ಪರವಾಗಿಯೂ ರಾಜಸಭೆಗಳ ನೀರಿಳಿಸಿದ್ದಾನೆ. ಅಲ್ಲಿಯ ಕಟ್ಟುನಿಟ್ಟು ಒಂದೇ: ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಕೂತ ಪಾತ್ರದ ಪಕ್ಷ ಬಿಡುವಂತಿಲ್ಲ. ನಡುವೆ ಎದ್ದರೆ ಮಾನ ಹೋಯಿತು.

ಅಶ್ಮಿತಾಳ ಕನ್ನಡವೂ ಆ ಕೂಟಗಳದ್ದೇ ಪ್ರಸಾದ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಕನ್ನಡ ಬಂದದ್ದು ಅಪ್ಪನ ಹಿಂದೆ ಕೂತು ಕೇಳಿ. ಹಾಗಾಗಿ ಬಾಯಿ ಬಿಟ್ಟರೆ ಆಸ್ಥಾನದ ಕನ್ನಡ. ಸಂಯುಕ್ತಾಳನ್ನು ಮೊದಲ ಸಲ ಆಫೀಸಿನ ಕ್ಯಾಂಟೀನಿನಲ್ಲಿ ಕಂಡಾಗ "ತಾವು ಎಲ್ಲಿಂದ ದಯಮಾಡಿಸಿದಿರಿ?" ಎಂದು ಕೇಳಿದ್ದಳು. ಸಂಯುಕ್ತಾ ಚಹಾ ಚೆಲ್ಲಿಕೊಂಡು ನಕ್ಕಿದ್ದಳು. ಪ್ರೀತಿ ಶುರುವಾದದ್ದೂ ಅಲ್ಲೇ.

"ಎಂಥದಿದು, ಇವತ್ತು ಸಹ ಇದೇಯಾ? ಹೋಗಿ ಸೀರೆ ಉಡು ಮಾರಾಯ್ತಿ" ಎಂದು ತಾರಾನಾಥ ಗದರಿದ. ಗದರಿದ್ದು ತುಳುವಿನಲ್ಲಿ, ಆ ಮನೆಯ ಮಾತನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದಿದೆ.

"ದಸ್ ಮಿನಿಟ್, ಪಪ್ಪ. ಅಪ್ಪ ಮಗಳ ಸೀನ್ ಉಂಟು. ಕೂತ್ಕೊಳ್ಳಿ ನಾ, ನಿಮಗೆ ಇಷ್ಟ ಆಗ್ತದೆ."

ಕಥೆ ಒಂದು ದ್ವೀಪದ್ದು. ದೋಣಿ ಕಟ್ಟುವವನೊಬ್ಬ ತನ್ನ ಮಗಳನ್ನು ವರ್ತಕನ ಮಗನಿಗೆ ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದಾನೆ. ಮಗಳು ಎದುರು ನಿಂತಿದ್ದಾಳೆ. ತಾರಾನಾಥ ಇಂಗ್ಲಿಷಿನ ಎರಡು ಸಾಲು ಓದಿದ್ದೇ ತಡ, ಅವನ ಕಿವಿ ನೆಟ್ಟಗಾಯಿತು.

"ಇದು ತಾಳಮದ್ದಳೆಯೇ ಅಲ್ವಾ! ಪದ್ಯ ಉಂಟು, ಅರ್ಥ ಹೇಳುವವರಿಲ್ಲ, ಅಷ್ಟೇ."

"ಹಾಗಾದ್ರೆ ನೀವೇ ಹೇಳಿ. ಯಾರ ಪಾತ್ರ ಬೇಕು?"

"ಕೇಳುವುದೆಂಥ? ಹೆಣ್ಣು ಪಾತ್ರ ನಂದು" ಎಂದು ತಾರಾನಾಥ ಸೋಫಾದ ಹೊಸ ಕವರಿನ ಮೇಲೆ ಚಕ್ಕಳಮಕ್ಕಳ ಹಾಕಿದ.

ಈ ಸೀನನ್ನು ಅಶ್ಮಿತಾ ಬೆಳಿಗ್ಗೆಯಿಂದ ಧೈರ್ಯಕ್ಕಾಗಿ ಐದು ಸಲ ಆಡಿದ್ದಳು. ಮುಂದೆ ಏನು ಬರುತ್ತದೆಂದು ಗೊತ್ತಿತ್ತು. ಬೇಡ ಪಪ್ಪ, ನೀವು ಅಪ್ಪನ ಪಾತ್ರ ಮಾಡಿ ಎನ್ನಬಹುದಿತ್ತು. ಎನ್ನಲಿಲ್ಲ. ಇಷ್ಟು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಇವರ ಬಾಯಿಯಲ್ಲಿ ಹೇಗೆ ಕೇಳುತ್ತದೋ ನೋಡಿಯೇ ಬಿಡುತ್ತೇನೆ ಅಂದುಕೊಂಡಳು.

ದೋಣಿಯವನ ಅರ್ಥ ಅವಳೇ ಎತ್ತಿದಳು. "ಮಗಳೇ, ವರ್ತಕನಿಗೆ ನಾನು ಮಾತು ಕೊಟ್ಟಾಗಿದೆ. ಅದು ತಪ್ಪಿದರೆ ನಾಳೆ ಈ ದ್ವೀಪದ ಜನರ ಮುಂದೆ ತಲೆಯೆತ್ತಿ ನಡೆಯಲಾದೀತೇ?"

ಗುರುವಾರ ತಾರಾನಾಥ ಆಡಿದ್ದ ಮಾತೇ ಇದು. ದ್ವೀಪದ ಜಾಗದಲ್ಲಿ ಸಂಘ ಅಂದಿದ್ದ. ಅಡುಗೆಮನೆಯಲ್ಲಿ ಉಮಾವತಿ ಕಿಸಕ್ಕನೆ ನಕ್ಕಳು. ತಾರಾನಾಥನಿಗೆ ಅದು ತಟ್ಟಲೇ ಇಲ್ಲ, ಅವನಾಗಲೇ ದೋಣಿಯವನ ಮಗಳಾಗಿದ್ದ.

"ತಂದೆಯೇ, ಮಾತು ಕೊಟ್ಟವರು ತಾವು. ಕೊಡುವ ಮೊದಲು ನನ್ನನ್ನೊಂದು ಮಾತು ಕೇಳಿದಿರಾ? ದೋಣಿಗೆ ಮರ ಆರಿಸುವಾಗ ನಾಲ್ಕು ಕಡೆ ಬಡಿದು ಸದ್ದು ಕೇಳುವ ತಾವು, ಮಗಳ ಬದುಕಿಗೆ ಒಮ್ಮೆಯೂ ಕಿವಿಗೊಡಲಿಲ್ಲವಲ್ಲ!"

"ಭಾರಿ ಚಂದ ಆಯ್ತು" ಎನ್ನುತ್ತಾ ಉಮಾವತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ತಾರಾನಾಥ ಉಬ್ಬಿದ. ಅಶ್ಮಿತಾ ಮುಂದಿನ ಸಾಲಿಗೆ ಹೋದಳು. ನಾನು ಅವನನ್ನು ಮದುವೆಯಾಗಲಾರೆ, ನಾನು ಪ್ರೀತಿಸುವುದು ದೀಪಸ್ತಂಭ ಕಾಯುವವನ ಮಗಳನ್ನು ಎಂದು ಇಂಗ್ಲಿಷಿನಲ್ಲಿ ಬಂತು.

ತಾರಾನಾಥ ಕನ್ನಡಕ ಒರೆಸಿ ಮತ್ತೆ ಓದಿದ. "ಮಗನನ್ನು ಅಂತ ಆಗಬೇಕಿತ್ತು. ಮಿಸ್ಟೇಕ್ ಆಗಿದೆ."

"ಮಿಸ್ಟೇಕ್ ಇಲ್ಲ ಪಪ್ಪ. ಮಗಳನ್ನೇ."

"ಎಂಥ, ಮಾತು ಮುಗೀತಾ?" ಉಮಾವತಿ ಕೆಣಕಿದಳು. "ನಡುವಲ್ಲಿ ಏಳಬಾರದು ಅಂತ ಊರಿಗೆಲ್ಲ ಹೇಳುವುದು ನೀವೇ ಅಲ್ವಾ?"

ಪಕ್ಕದ ಕಲ್ಯಾಣ್ ಊರಿನ ಕೂಟವೊಂದರಲ್ಲಿ ಗಂಟಲು ಕಟ್ಟಿದರೂ ಪಿಸುಮಾತಿನಲ್ಲೇ ಮುಕ್ಕಾಲು ಗಂಟೆ ವಾದಿಸಿ ಗೆದ್ದ ಮನುಷ್ಯ ಅವನು. ಹೆಂಡತಿಯ ಎದುರು ಸೋಲುತ್ತಾನೆಯೇ? ಸುಧಾರಿಸಿಕೊಂಡ. ಮೊದಲೆರಡು ಮಾತು ತಡವರಿಸಿತು, ಆಮೇಲೆ ತಾನಾಗಿ ಹರಿಯಿತು.

"ತಂದೆಯೇ, ಹೌದು. ನಾನು ಒಲಿದದ್ದು ಒಬ್ಬ ಹೆಣ್ಣಿಗೆ. ಇದರಿಂದ ತಮ್ಮ ಮನೆಯ ಯಾವ ಒಡವೆ ಕಳವಾಯಿತು? ನಿಜ ನುಡಿ ಎಂದು ಕಲಿಸಿದವರು ತಾವು. ನುಡಿದಿದ್ದೇನೆ. ಈ ನಿಜ ತಮಗೆ ಬೇಡವಾಗಿದ್ದರೆ ಕಲಿಸುವಾಗಲೇ ಹೇಳಬೇಕಿತ್ತು, ಮಗಳೇ, ನನಗೆ ಒಪ್ಪುವ ನಿಜವನ್ನಷ್ಟೇ ನುಡಿ ಎಂದು!"

ಈಗ ಅಶ್ಮಿತಾ ದೋಣಿಯವನಾಗಿ ಗುಡುಗಬೇಕಿತ್ತು. ಗುಡುಗಲಿಕ್ಕೆ ಆಗಲಿಲ್ಲ. ಕಣ್ಣು ತುಂಬಿ ಟಿವಿ ಮಂಜಾಯಿತು. ಪರದೆಯ ಮೇಲೆ ಮೂರು ಆಯ್ಕೆ ಬಂದು ನಿಂತಿದ್ದವು: ಹೇಳಿದ್ದನ್ನು ಹಿಂದಕ್ಕೆ ತಗೊಳ್ಳುವುದು, ಸುಮ್ಮನಿರುವುದು, ಮತ್ತೊಮ್ಮೆ ಹೇಳುವುದು. ಅವಳು ಯಾವುದನ್ನೂ ಒತ್ತಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತಳು.

"ಇನ್ನು ಆಟ ಇಲ್ಲ, ಪಪ್ಪ. ನಾನೇ ಹೇಳ್ತೇನೆ. ನಂಗೆ ಸಂಯುಕ್ತಾ ಅಂದ್ರೆ ಪ್ರೀತಿ. ಮೂರು ವರ್ಷ ಆಯ್ತು. ನಾನು ಸೀರೆ ಉಡುವುದಿಲ್ಲ, ಅವರ ಎದುರು ಕೂರುವುದಿಲ್ಲ."

ಉಮಾವತಿಯ ಕೈಯಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕಿತು. "ಚೌತಿಗೆ ಬಂದವಳಾ?"

"ಅವಳೇ."

"ನನಗಾದ್ರೂ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಅವಳನ್ನು ಮತ್ತೆ ಮನೆಗೆ ಸೇರಿಸ್ತಿದ್ರಾ ಅಮ್ಮ?"

ಉಮಾವತಿ ಬಾಗಿಲಿಗೆ ಒರಗಿ ಹಾಗೇ ಕೆಳಗೆ ಕೂತಳು.

"ನಾನು ಹೇಳಿದ್ದು ಪಾತ್ರದ ಮಾತು ಮಗಾ" ಎಂದ ತಾರಾನಾಥ. "ನನ್ನದಲ್ಲ."

"ಗೊತ್ತುಂಟು. ಆದ್ರೆ ನಾನು ಪಾತ್ರ ಅಲ್ಲ. ನಿಮ್ಮ ಮಗಳು."

ಅವನು ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತ. ಕೆಳಗೆ ರಿಕ್ಷಾಗಳು ಹಾರನ್ ಹೊಡೆಯುತ್ತಿದ್ದವು. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಒಳಗೆ ಬಂದು ಫೋನ್ ತೆಗೆದು ಹುಡುಗನ ತಂದೆ ಅನಿಲಕುಮಾರನಿಗೆ ಹಚ್ಚಿದ.

"ಅನಿಲಣ್ಣ, ಹೊರಟಾಯ್ತಾ? ಇಲ್ಲಿ ಸ್ವಲ್ಪ ತೊಂದರೆ ಮಾರಾಯ್ರೆ. ಹುಡುಗಿಗೆ ಬೆಳಿಗ್ಗೆಯಿಂದ ಜ್ವರ. ಮುಂದಿನ ಭಾನುವಾರ ಇಟ್ಟುಕೊಳ್ಳುವ."

ಹೇಳುತ್ತಾ ಮಗಳ ಕಡೆ ನೋಡಿದ. ಒಂದು ವಾರ ಉಳಿಸಿಕೊಟ್ಟಿದ್ದೇನೆ ನೋಡು ಎನ್ನುವ ನೋಟ ಅದು. ಅದರಲ್ಲಿ ಕರುಣೆ ಇತ್ತು, ಅಶ್ಮಿತಾಳಿಗೆ ಕಾಣದೆ ಇರಲಿಲ್ಲ. ಸಿಟ್ಟು ನೆತ್ತಿಗೇರಿದ್ದೂ ಅದಕ್ಕೇ. ಈ ವಾರ ಜ್ವರ, ಮುಂದಿನ ವಾರ ಆಫೀಸಿನ ನೆಪ, ಆಮೇಲೆ ಜಾತಕದ ನೆಪ, ಕೊನೆಗೊಂದು ದಿನ ನೆಪ ಮುಗಿದು ಮದುವೆ ಮಂಟಪ. ತಾನು ಯಾರಿಗೆ ಏನು ದ್ರೋಹ ಮಾಡಿದ್ದೇನೆಂದು ಕಾಯಿಲೆಯವಳಾಗಬೇಕು? ಅವಳು ನೇರ ಫೋನಿನ ಹತ್ತಿರ ಹೋಗಿ, ಆ ಕಡೆಗೆ ಕೇಳಲೆಂದೇ ಧ್ವನಿಯೇರಿಸಿದಳು.

"ಅಂಕಲ್, ನಾನು ಅಶ್ಮಿತಾ. ನಂಗೆ ಜ್ವರ ಇಲ್ಲ. ನಾನು ಪ್ರೀತಿಸುವುದು ಒಬ್ಬಳು ಹುಡುಗಿಯನ್ನು. ನಿಮ್ಮ ಕೌಶಲ್‌ನ ಮೇಲೆ ಏನೂ ಬೇಜಾರಿಲ್ಲ, ಅವನಿಗೆ ಬೇರೆ ಹುಡುಗಿ ನೋಡಿ."

ಉಮಾವತಿ "ಅಯ್ಯೋ ದೇವರೇ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನಿನೊಳಗಿಂದ, ಕಾರಿನ ಸದ್ದಿನ ನಡುವೆ, ಅನಿಲಕುಮಾರನ ಗಂಟಲು ಮೂವರಿಗೂ ಕೇಳುವಷ್ಟು ಜೋರಾಗಿ ಬಂತು.

"ಎಂಥ ಹೇಳುವುದು ಅವಳು, ತಾರಾನಾಥಣ್ಣ? ಜ್ವರ ತಲೆಗೆ ಏರಿದ್ದಾ?"

ಹೂಂ ಎಂದರೆ ಸಾಕಿತ್ತು. ಮಾನ ಉಳಿಯುತ್ತಿತ್ತು, ಸಂಘದಲ್ಲಿ ಕುರ್ಚಿ ಉಳಿಯುತ್ತಿತ್ತು. ತಾರಾನಾಥ ಮಗಳನ್ನೇ ನೋಡಿದ. ಅವಳು ಕಣ್ಣು ಕೆಳಗೆ ಹಾಕಲಿಲ್ಲ.

"ಇಲ್ಲ ಅನಿಲಣ್ಣ" ಎಂದ. "ಜ್ವರ ಅಂತ ಸುಳ್ಳು ಹೇಳಿದ್ದು ನಾನು. ಅವಳು ಹೇಳಿದ್ದು ಸರಿಯಾಗಿಯೇ ಉಂಟು."