ಕಿವಿಗೊಟ್ಟು ಟಿವಿ ಕೊಂಡ ಅಂಬಾದಾಸರು

ವಿಜಯಪುರದ ಜಲನಗರದಲ್ಲಿ ಅಂಬಾದಾಸರನ್ನು ಬೆನ್ನ ಕಡೆಯಿಂದ ನೋಡಿದರೂ ಗುರುತು ಹಿಡಿಯಬಹುದು. ಅವರ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ತಗ್ಗು. ನಗರದ ನೀರಿನ ವಾಲ್ವ್ ತಿರುಗಿಸುವ ಆಳೆತ್ತರದ ಕಬ್ಬಿಣದ ಚಾವಿಯನ್ನು ಮೂವತ್ತೊಂದು ವರ್ಷ ಹೊತ್ತು ತಿರುಗಿದ ಆ ಭುಜ, ಒಡೆಯರು ನಿವೃತ್ತರಾಗಿ ನಾಲ್ಕು ವರ್ಷ ಕಳೆದರೂ ಸುದ್ದಿ ತನಗೆ ತಲುಪಿಲ್ಲವೆಂಬಂತೆ ಬಾಗಿಯೇ ಇದೆ. ಖಾಕಿ ಕೋಟಿನ ಅದೇ ಜಾಗದಲ್ಲಿ ಅಂಗೈಯಗಲ ತುಕ್ಕಿನ ಕಲೆ. ಹೆಂಡತಿ ಹನಮವ್ವ ನಿಂಬೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸೋತು ಕೈಬಿಟ್ಟ ಕಲೆ ಅದು.

ಆ ಚಾವಿಯ ಒಂದು ತುದಿಯನ್ನು ಕೊಳವೆಯ ಮೇಲೂ ಇನ್ನೊಂದನ್ನು ಕಿವಿಗೂ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ನೆಲದೊಳಗೆ ನೀರು ಎಲ್ಲಿ ಓಡುತ್ತಿದೆ, ಎಲ್ಲಿ ಸೋರುತ್ತಿದೆ ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತಿದ್ದರು. ಅಷ್ಟಕ್ಕೂ ಸಮಾಧಾನವಿಲ್ಲ. ನೀರು ಬಿಟ್ಟ ಮೇಲೆ ಓಣಿಯ ಕಟ್ಟಕಡೆಯ ಮನೆಯವರೆಗೆ ನಡೆದು, ಬಾಗಿಲಲ್ಲಿ ನಿಂತು, ‘ಬಂತೇನ್ರಿ?’ ಎಂದು ಕೂಗಿ, ಒಳಗಿನಿಂದ ‘ಬಂತು’ ಎಂಬ ಉತ್ತರ ಕೇಳುವ ತನಕ ಕದಲುತ್ತಿರಲಿಲ್ಲ. ಈ ರೂಢಿ ಎಷ್ಟು ಬೇರೂರಿತ್ತೆಂದರೆ, ಮದುವೆ ಮನೆಯಲ್ಲೂ ಕೊನೆಯ ಪಂಕ್ತಿಗೆ ಹೋಗಿ, ಹುಗ್ಗಿ ಬಡಿಸಿದ್ದಾರೋ ಇಲ್ಲವೋ ಎಂದು ‘ಬಂತೇನ್ರಿ?’ ಎನ್ನುತ್ತಿದ್ದರು. ಜನ ನಗುತ್ತಿದ್ದರು, ಆದರೆ ಹುಗ್ಗಿ ಬಾರದವರು ನಗುತ್ತಿರಲಿಲ್ಲ.

ಇಂಥ ಕಿವಿಯ ಮನುಷ್ಯನಿಗೆ ಹೋದ ವರ್ಷ ಒಂದು ಚಿಂತೆ ಹತ್ತಿತು. ಹನಮವ್ವ ಮಾತು ಬಿಟ್ಟಿದ್ದರು. ಸಿಟ್ಟಿನ ಮೌನವಲ್ಲ, ಕೇಳಿದ್ದಕ್ಕೆಲ್ಲ ಒಂದು ‘ಹೂಂ’. ಮೊದಲೆಲ್ಲ ಸಂಜೆ ಧಾರಾವಾಹಿ ಹತ್ತಿದರೆ ಆ ಮನೆಯಲ್ಲಿ ಎರಡು ಧಾರಾವಾಹಿ ನಡೆಯುತ್ತಿದ್ದವು. ಪರದೆಯ ಮೇಲೊಂದು, ಅದನ್ನು ಕುರಿತು ಗಂಡಹೆಂಡಿರ ನಡುವೆ ಇನ್ನೊಂದು. ಹೊಸ ಪಾತ್ರ ಹೊಸ್ತಿಲು ದಾಟುವಷ್ಟರಲ್ಲೇ ಆಕೆ ತೀರ್ಪು ಕೊಡುತ್ತಿದ್ದರು, ಇವರು ಆ ಪಾತ್ರದ ವಕಾಲತ್ತು ವಹಿಸುತ್ತಿದ್ದರು. ಆ ಜಗಳ ನಿಂತದ್ದು ಅಂಬಾದಾಸರಿಗೆ ಊಟ ಸಪ್ಪೆಯಾದಂತೆ ಆಯಿತು. ತಾವೇನು ತಪ್ಪು ಮಾಡಿದೆವೆಂದು ಒಳಗೊಳಗೇ ನೊಂದರು, ಹೆದರಿದರು. ಕೊನೆಗೆ ಮನಸ್ಸು ಒಂದು ಸುಲಭದ ಅಪರಾಧಿಯನ್ನು ಹುಡುಕಿಕೊಂಡಿತು: ದನಿ ಸೊರಗಿದ ಹಳೆಯ ಟಿವಿ.

ತಿಕೋಟಾದ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಮಗಳು ಗೀತಾಂಜಲಿ ಭಾನುವಾರ ಬಸ್ಸಿಗೆ ಬಂದು, ಈಗ ನೆಟ್ಟಿನ ಟಿವಿಯೇ ಬೇಕೆಂದು ವಿವರಿಸಿದಳು. ಯಾವ ಆ್ಯಪಿನಲ್ಲಿ ಏನು ಬರುತ್ತದೆ, ಯಾವುದಕ್ಕೆ ತಿಂಗಳಿಗೆ ಎಷ್ಟು ಚಂದಾ ಎಂದು ಹಾಳೆಯ ಮೇಲೆ ಬರೆದೂ ಕೊಟ್ಟಳು. ಅಂಬಾದಾಸರು ಆ ಹಾಳೆಯನ್ನು ಕೋಟಿನ ಜೇಬಿಗೆ ಇಳಿಸಿ, ಗೋಳಗುಮ್ಮಟದ ಹತ್ತಿರದ ಜುಬೇರನ ಅಂಗಡಿಗೆ ಹೋಗಿ, ಸಾಲಾಗಿ ಹೊಳೆಯುತ್ತಿದ್ದ ಪರದೆಗಳನ್ನು ಕಣ್ಣೆತ್ತಿಯೂ ನೋಡದೆ, ಒಂದೊಂದರ ಹಿಂದೆಯೂ ಬಾಗಿ ಕಿವಿ ಇಟ್ಟರು.

‘ಕಾಕಾ, ಟಿವಿ ಮುಂದ ನಿಂತು ನೋಡೂದ್ರಿ. ಹಿಂದ ಯಾಕ ಹೊಂಟೀರಿ?’

‘ಮುಂದಿಂದೆಲ್ಲಾ ನೀ ಒರಸಿ ಇಟ್ಟಿರ್ತಿ. ನನಗ ಒಳಗಿಂದು ಕೇಳಬೇಕು.’

ಹೀಗೆ, ಅಂಗಡಿಯಲ್ಲೇ ಅತ್ಯುತ್ತಮ ಧ್ವನಿಯ ಟಿವಿ ಜಲನಗರಕ್ಕೆ ಬಂತು. ಮಗಳು ಎರಡು ಆ್ಯಪು ಹಾಕಿಕೊಟ್ಟಳು. ನಾಯಕಿ ನಿಟ್ಟುಸಿರುಬಿಟ್ಟರೆ ಪಕ್ಕದ ಮನೆಗೆ ಕೇಳುತ್ತಿತ್ತು. ಹನಮವ್ವ ‘ಛಲೋ ಐತ್ರಿ’ ಎಂದರು. ಮರುದಿನದಿಂದ ಮತ್ತೆ ‘ಹೂಂ’.

ಒಂದು ಸಂಜೆ ರಿಮೋಟು ಅಂಬಾದಾಸರ ತೊಡೆಯ ಕೆಳಗೆ ಸಿಕ್ಕು, ಯಾವುದೋ ಗುಂಡಿ ಒತ್ತಿಹೋಗಿ ಧ್ವನಿ ಪೂರ್ತಿ ನಿಂತಿತು. ಅಯ್ಯೋ ಎನ್ನಲು ಹೊರಟವರು ಹೆಂಡತಿಯ ಕಡೆ ನೋಡಿ ಹಾಗೇ ಕೂತರು. ಪರದೆಯ ಮೇಲೆ ಅತ್ತೆ ಸೊಸೆ ತುಟಿ ಆಡಿಸುತ್ತಿದ್ದಾರೆ, ಮಾತಿಲ್ಲ. ಹನಮವ್ವ ಮಾತ್ರ ಮೊದಲಿನಂತೆಯೇ ತಲೆಯಾಡಿಸುತ್ತಿದ್ದಾರೆ! ಅಂಬಾದಾಸರು ಬೇಕೆಂದೇ ಒಮ್ಮೆ ನಕ್ಕರು. ಅವರ ಮುಖ ನೋಡಿ ಆಕೆಯೂ ನಕ್ಕರು. ನೆಲದೊಳಗಿನ ನೀರಿನ ಸದ್ದು ಹಿಡಿದವರಿಗೆ ಮಗ್ಗುಲಲ್ಲೇ ಕೂತವಳ ಕಿವಿ ಬತ್ತಿದ್ದು ತಿಳಿದಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

ಹತ್ತಿರ ಸರಿದು, ಗಟ್ಟಿಯಾಗಿ ಕೇಳಿದರು. ‘ಎಷ್ಟ ದಿನಾ ಆತು?’

‘ವರ್ಷದ ಮ್ಯಾಲ ಆತ್ರಿ,’ ಎಂದರು ಹನಮವ್ವ, ಸೆರಗಿನ ಅಂಚು ತಿರುವುತ್ತ. ‘ಗುಮ್ಮಟದಾಗ ಕೂಡ್ರಿಸಿದ್ರೂ ಈಗ ನನಗ ಕೇಳಂಗಿಲ್ಲ. ನೀವು ಅಷ್ಟು ಹೌಸಿಲೆ ಟಿವಿ ತಂದ್ರಿ. ಹೆಂಗ ಹೇಳ್ಲಿ?’

ವೈದ್ಯರು ಕಿವಿಗೊಂದು ಯಂತ್ರ ಕೊಟ್ಟರು. ಎದುರು ಕೂತವರ ಮಾತು ಅದರಿಂದ ತಿಳಿಯತೊಡಗಿತು. ಟಿವಿಯ ಮಾತು ಮಾತ್ರ ವಾದ್ಯಗಳ ಅಬ್ಬರದಲ್ಲಿ ಕಲಸಿಹೋಗಿ ಸಂತೆಯ ಗದ್ದಲವಾಗುತ್ತಿತ್ತು. ಅಂಬಾದಾಸರು ಮತ್ತೆ ಜುಬೇರನ ಅಂಗಡಿಗೆ ನಡೆದರು. ಈ ಸಲ ಯಾವ ಟಿವಿಗೂ ಕಿವಿ ಇಡಲಿಲ್ಲ. ಹನಮವ್ವ ಬಬಲೇಶ್ವರದ ಸಾಲಿಯಲ್ಲಿ ಏಳನೆಯ ಇಯತ್ತೆ ಮುಗಿಸಿದಾಕೆ, ಕೊತ್ತಂಬರಿ ಸುತ್ತಿ ಬಂದ ಪೇಪರಿನ ತುಂಡನ್ನೂ ಬಿಡದೆ ಓದುವಾಕೆ ಎಂಬುದು ಅವರಿಗೆ ನೆನಪಾಗಿತ್ತು.

‘ಮಾತಿನ ಕೂಡ ಕೆಳಗ ಅಕ್ಷರ ಬರೂದು ಯಾವುದರಾಗ ಐತಿ? ಕನ್ನಡ ಅಕ್ಷರ.’

ಜುಬೇರ ಒಂದೊಂದೇ ಆ್ಯಪು ತೆರೆದು ತೋರಿಸಿದ. ಒಂದರಲ್ಲಿ ಅಕ್ಷರವೇ ಇಲ್ಲ, ಎರಡರಲ್ಲಿ ಇಂಗ್ಲಿಷು ಮಾತ್ರ. ಸಿನಿಮಾ ಸಾವಿರವಿದ್ದರೇನು, ಅಂಬಾದಾಸರು ಕೈಯಾಡಿಸಿ ಮುಂದೆ ಸಾಗಿದರು. ನಾಲ್ಕನೆಯದು ಸಣ್ಣದು, ಮಗಳ ಹಾಳೆಯಲ್ಲಿ ಹೆಸರೂ ಇರದದ್ದು. ಅದರಲ್ಲಿ ಕನ್ನಡದ ಮಾತಿಗೆ ಕನ್ನಡದ್ದೇ ಅಕ್ಷರವಿತ್ತು. ಅದನ್ನು ದೊಡ್ಡದು ಮಾಡುವ ಬಗೆಯನ್ನು ಮೂರು ಸಲ ಕೇಳಿ ಕಲಿತು, ಮನೆಯ ಟಿವಿಯಲ್ಲಿದ್ದ ಹಳೆಯ ಎರಡು ಆ್ಯಪುಗಳಿಗೆ ಮಗಳ ಕೈಯಿಂದ ರಾಮರಾಮ ಹೇಳಿಸಿದರು.

ಆ ಸಂಜೆ ಪರದೆಯ ಕೆಳಗೆ ಕಪ್ಪು ಪಟ್ಟಿಯ ಮೇಲೆ ದಪ್ಪ ದಪ್ಪ ಅಕ್ಷರಗಳು ಮೂಡಿದವು. ಹನಮವ್ವ ಸೆಟೆದು ಕೂತರು. ತುಟಿ ಮೆಲ್ಲಗೆ ಅಲ್ಲಾಡಿತು. ಧಾರಾವಾಹಿಯ ಮಾವ ಕಣ್ಣೀರು ಒರೆಸಿಕೊಳ್ಳುವ ಹೊತ್ತಿಗೆ ಆಕೆ ಇಡೀ ಓಣಿಗೆ ಕೇಳುವಂತೆ ಸಾರಿದರು: ‘ಸುಳ್ಳ ಹೇಳಾಕತ್ತಾನ್ರಿ ಇಂವ! ಆಸ್ತಿ ಪತ್ರ ಇವನ ಕಡೇನ ಐತಿ!’

‘ಪಾಪ, ಅಂವಾ ಯಾಕ...’ ಎಂದು ಅಂಬಾದಾಸರು ವಕಾಲತ್ತು ಶುರುಮಾಡಿ ನಡುವೆಯೇ ಬಿಟ್ಟರು. ಎದೆಯ ಮೇಲಿನ ಭಾರ ಇಳಿದಿತ್ತು, ಕಣ್ಣು ತುಂಬಿತ್ತು. ಹೆಂಡತಿಯ ಕಡೆ ಬಾಗಿ ಕೇಳಿದರು.

‘ಬಂತೇನ?’

ಹನಮವ್ವ ಪರದೆಯಿಂದ ಕಣ್ಣು ಕೀಳಲಿಲ್ಲ. ‘ಬಂತು, ಬಂತು. ಸುಮ್ಮ ಕೂಡ್ರಿ, ಓದಗೊಡ್ರಿ.’

ಈ ಬಗೆಯ ಜನ ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಮಹಾ ಜಾಣರೇನೂ ಅಲ್ಲ. ಮೊದಲು ತಪ್ಪು ವಾಲ್ವನ್ನೇ ತಿರುಗಿಸುತ್ತಾರೆ, ವರ್ಷಗಟ್ಟಲೆ ಮಗ್ಗುಲಲ್ಲಿದ್ದದ್ದನ್ನು ಕಾಣದೆ ಇರುತ್ತಾರೆ. ಆದರೆ ಕೊಡುವ ಕೆಲಸ ತಮ್ಮ ಕೈಯಲ್ಲಿ ಮುಗಿಯಿತೆಂದು ಅವರು ಎಂದೂ ತಿಳಿಯುವುದಿಲ್ಲ. ಕಟ್ಟಕಡೆಯ ಮನೆಯ ಬಾಗಿಲಿಗೆ ನಡೆದುಹೋಗಿ, ಒಳಗಿನಿಂದ ‘ಬಂತು’ ಎನ್ನುವ ದನಿ ಕೇಳುವವರೆಗೆ ನಿಂತೇ ಇರುತ್ತಾರೆ.